ಚಾಮುಂಡಿ ಬೆಟ್ಟದಿಂದ ಕರಿಘಟ್ಟಕ್ಕೆ: ಲೋರಾ ಮಾಡ್ಯೂಲ್, ಯಾಗಿ ಆಂಟೆನಾ ಹಿಡಿದು ದೂರದ ಟೆಸ್ಟ್ ಮಾಡುವುದು ಹೇಗೆ

ಲೋರಾ ಅಂದರೆ ಕಡಿಮೆ ಪವರ್‌ನಲ್ಲಿ ಚಿಕ್ಕ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೋ ವಿಧಾನ. ಅದರ ಮಾಡ್ಯೂಲ್ ಬಂದ ಡಬ್ಬಿಯ ಮೇಲೆ 10 ಕಿ.ಮೀ. ಎಂದು ಬರೆದಿತ್ತು. ಒಂದನ್ನು ಮೈಸೂರಿನ ಮನೆಯ ಕಿಟಕಿಯಲ್ಲಿಟ್ಟೆ. ಇನ್ನೊಂದನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೊರಟೆ. ಎರಡನೇ ಸರ್ಕಲ್ ಬರುವಷ್ಟರಲ್ಲಿ ಪ್ಯಾಕೆಟ್ (ಒಂದು ಸಲಕ್ಕೆ ಕಳಿಸುವ ಸಂದೇಶದ ಕಟ್ಟು) ಬರುವುದು ನಿಂತೇಹೋಯಿತು. ಒಂದೂಕಾಲು ಕಿಲೋಮೀಟರ್ ಇರಬಹುದು, ಅಷ್ಟೇ. ಡಬ್ಬಿಯವರು ಸುಳ್ಳು ಬರೆದಿದ್ದಾರೆ ಅಂದುಕೊಂಡೆ. ತಪ್ಪು ನನ್ನದೇ. ಡಿಕ್ಕಿಯೊಳಗೆ ಆಂಟೆನಾ ಅಡ್ಡಡ್ಡ ಮಲಗಿತ್ತು. ಮನೆಯಲ್ಲಿದ್ದದ್ದು ಕಿಟಕಿಯ ಕಬ್ಬಿಣದ ಸರಳುಗಳ ಹಿಂದೆ ನಿಂತಿತ್ತು. ನಡುವೆ ನೂರಾರು ಮನೆ. ಅದೇ ಜೋಡಿ ಆಮೇಲೆ ಚಾಮುಂಡಿ ಬೆಟ್ಟದಿಂದ ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟಕ್ಕೆ, ಸುಮಾರು 17 ಕಿ.ಮೀ., ಸಲೀಸಾಗಿ ಮಾತಾಡಿತು.

"ಎಷ್ಟು ದೂರ ಹೋಗುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಒಂದು ದಾರಿ ಹಿಡಿದು, ಆ ದಾರಿಯಲ್ಲಿ ಸಿಗ್ನಲ್ ಖರ್ಚಾಗಿ ಕೊನೆಗೆ ಎಷ್ಟು ಮಿಕ್ಕಿತು ಎಂದು ಅಳೆಯಬೇಕು. ಸಂಬಳ ಎಷ್ಟಿದ್ದರೇನು, ತಿಂಗಳ ಕೊನೆಗೆ ಕೈಯಲ್ಲಿ ಉಳಿದದ್ದೇ ಲೆಕ್ಕ ಅಲ್ವಾ? ಈ ಉಳಿತಾಯಕ್ಕೆ ಮಾರ್ಜಿನ್ ಎನ್ನುತ್ತಾರೆ. ಮುಂದೆ ಹೇಳುವ ಕೆಲಸವೆಲ್ಲ ಆ ಒಂದು ಸಂಖ್ಯೆಗಾಗಿ.

ಮೊದಲು ಫ್ರೀಕ್ವೆನ್ಸಿ

ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ನಡುವೆ ಲೈಸೆನ್ಸ್ ಇಲ್ಲದೆ ಸಣ್ಣ ರೇಡಿಯೋ ಬಳಸಬಹುದು. 2005ರ ನಿಯಮದಲ್ಲಿ 867ರವರೆಗೆ ಮಾತ್ರ ಇತ್ತು, 2021ರಲ್ಲಿ 868ರವರೆಗೆ ಹಿಗ್ಗಿಸಿದರು. ನಿಯಮದ ಪ್ರಕಾರ ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್ ದಾಟಬಾರದು. ಆಂಟೆನಾ ಸೇರಿ ಹೊರಬೀಳುವ ಪವರ್ 4 ವ್ಯಾಟ್ ದಾಟಬಾರದು. ಬ್ಯಾಂಡ್‌ವಿಡ್ತ್, ಅಂದರೆ ಸಿಗ್ನಲ್ ಹರಡಿಕೊಳ್ಳುವ ಅಗಲ, 200 ಕಿಲೋಹರ್ಟ್ಸ್ ಒಳಗಿರಬೇಕು. ನಮ್ಮ ಮಾಡ್ಯೂಲ್ ಹೆಚ್ಚೆಂದರೆ 22 ಡಿಬಿಎಂ, ಅಂದರೆ ಸುಮಾರು 160 ಮಿಲಿವ್ಯಾಟ್ ಬಿಡುತ್ತದೆ. (ಡಿಬಿ ಎಂದರೆ ಎಷ್ಟು ಪಟ್ಟು ಎನ್ನುವ ಲೆಕ್ಕ, 10 ಡಿಬಿ ಏರಿದರೆ ಪವರ್ ಹತ್ತುಪಟ್ಟು. ಡಿಬಿಎಂ ಎಂದರೆ 1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ.) ಅದಕ್ಕೆ ಪವರನ್ನು ಒಂದೇ ದಿಕ್ಕಿಗೆ ಕೂಡಿಸುವ ಯಾಗಿ ಆಂಟೆನಾ ಸೇರಿಸಿದರೂ, ಆ ಕೂಡಿಸುವಿಕೆಯ ಲಾಭ, ಅಂದರೆ ಗೇನ್, 8 ಡಿಬಿ ಎಂದು ಹಿಡಿದರೆ 1 ವ್ಯಾಟ್ ಆಸುಪಾಸು. ಮಿತಿಯ ಒಳಗೇ ಇರುತ್ತೇವೆ.

ಜನ ಎಡವುವುದು ಇನ್ನೊಂದು ಕಡೆ. ಇಂಟರ್‌ನೆಟ್‌ನಲ್ಲಿ ಸಿಗುವ ಉದಾಹರಣೆ ಪ್ರೋಗ್ರಾಂಗಳಲ್ಲಿ 868, 915 ಅಥವಾ 434 ಎಂದು ಬರೆದಿರುತ್ತದೆ. 868 ಯುರೋಪಿನವರದು, 915 ಅಮೆರಿಕದವರದು. 433ರ ಹತ್ತಿರ ನಮ್ಮಲ್ಲಿರುವ ವಿನಾಯಿತಿ ಕಟ್ಟಡದೊಳಗಿನ ತೀರ ಕಡಿಮೆ ಪವರ್‌ಗೆ ಮಾತ್ರ. ಅದನ್ನು ಬೆಟ್ಟಕ್ಕೆ ಒಯ್ಯಬೇಡಿ. ನಾನು 866.2 ಮೆಗಾಹರ್ಟ್ಸ್, 125 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್ ಇಟ್ಟುಕೊಳ್ಳುತ್ತೇನೆ. 250 ಅಥವಾ 500 ಹಾಕಿದರೆ 200ರ ಮಿತಿ ಮೀರಿದಂತೆ, ನೆನಪಿರಲಿ.

ಸಾಮಾನು

ಹೆಲ್ಟೆಕ್ ವೈಫೈ ಲೋರಾ 32 ವಿ3 ಬೋರ್ಡ್ ಎರಡು. ಸೆಮ್‌ಟೆಕ್ ಕಂಪನಿಯ ಎಸ್‌ಎಕ್ಸ್1262 ರೇಡಿಯೋ ಚಿಪ್, ಪ್ರೋಗ್ರಾಂ ಓಡಿಸುವ ಇಎಸ್‌ಪಿ32 ಚಿಪ್, ಚಿಕ್ಕ ಪರದೆ ಎಲ್ಲ ಅದರಲ್ಲೇ ಇರುತ್ತದೆ. ಕೊಳ್ಳುವಾಗ 863–928 ಮೆಗಾಹರ್ಟ್ಸ್ ಮಾದರಿಯನ್ನೇ ಕೇಳಿ. ಬಿಡಿ ಆರ್‌ಎಫ್‌ಎಂ95 ಮಾಡ್ಯೂಲ್ ಇದ್ದರೂ ನಡೆಯುತ್ತದೆ, ಆದರೆ ಮುಂದೆ ಹೇಳುವ -1, -6ರ ಪವರ್ ಹಂತಕ್ಕೆ ಅದು ಇಳಿಯುವುದಿಲ್ಲ. ಅದು 3.3 ವೋಲ್ಟಿನದು, ಆರ್ಡುಯಿನೋ ಊನೋದ 5 ವೋಲ್ಟ್ ಪಿನ್‌ಗೆ ನೇರ ಸೇರಿಸಿದರೆ ಹಾಳಾಗುತ್ತದೆ. ಇದರ ಜೊತೆ ಎರಡು ಪವರ್ ಬ್ಯಾಂಕ್, 2 ಡಿಬಿ ಗೇನ್‌ನ ಎರಡು ಕಡ್ಡಿ ಆಂಟೆನಾ, ಬೋರ್ಡಿನ ಗುಂಡಿಯಂಥ ಐಪೆಕ್ಸ್ ಕನೆಕ್ಟರಿನಿಂದ ತಿರುಪಿನ ಎಸ್‌ಎಂಎ ಕನೆಕ್ಟರಿಗೆ ಬರುವ ಗಿಡ್ಡ ವೈರು, ಸಿಗ್ನಲ್ಲನ್ನು 10 ಡಿಬಿ ತಗ್ಗಿಸುವ ಒಂದು ಅಟೆನ್ಯುಯೇಟರ್. ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಹೊಂದುತ್ತದೆ ಎಂದು ತೋರಿಸುವ ಪುಟ್ಟ ಮೀಟರ್ ನ್ಯಾನೋವಿಎನ್‌ಎ ಇದ್ದರೆ ಒಳ್ಳೆಯದು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಉಳಿದವರು ಆನ್‌ಲೈನ್‌ನಲ್ಲಿ ತರಿಸಬೇಕು.

ಕನೆಕ್ಟರ್ ವಿಷಯ ಬಿಡಿಸಿ ಹೇಳಲೇಬೇಕು. ನಾನು ಒಂದಿಡೀ ಬೆಳಗ್ಗೆ ಕಳೆದುಕೊಂಡದ್ದು ಅದರಿಂದ. ತರಿಸಿದ ಆಂಟೆನಾ ಸ್ಕ್ರೂ ಹಾಗೆ ನೀಟಾಗಿ ತಿರುಗಿ ಬಿಗಿಯಾಯಿತು. ಸಿಗ್ನಲ್ ಮಾತ್ರ 200 ಮೀಟರ್‌ಗೇ ಸಾಯುತ್ತಿತ್ತು. ಪ್ರೋಗ್ರಾಂ ಬದಲಿಸಿದೆ, ಬೋರ್ಡ್ ಬದಲಿಸಿದೆ, ಪವರ್ ಬ್ಯಾಂಕಿಗೆ ಬೈದೆ. ಕೊನೆಗೆ ಆಂಟೆನಾ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರೆ ನಡುವೆ ಪಿನ್ ಇರಬೇಕಾದ ಕಡೆ ಬರೀ ತೂತು. ಬೋರ್ಡಿನ ಕಡೆಯೂ ತೂತು. ಅದು ಆರ್‌ಪಿ-ಎಸ್‌ಎಂಎ, ವೈಫೈ ರೂಟರ್‌ಗಳಿಗೆ ಬರುವ ಬಗೆ. ತಿರುಪಿನ ಮರೆ ಎರಡಕ್ಕೂ ಒಂದೇ, ಒಳಗೆ ತಂತಿ ತಂತಿಗೆ ತಾಗುವುದೇ ಇಲ್ಲ. ಒಂದು ಕಡೆ ಪಿನ್, ಇನ್ನೊಂದು ಕಡೆ ತೂತು ಇದೆಯಾ ಎಂದು ಕಣ್ಣಲ್ಲಿ ನೋಡಿಯೇ ಬಿಗಿ ಮಾಡಿ.

ಐಪೆಕ್ಸ್ ಗುಂಡಿಯನ್ನು ಪದೇ ಪದೇ ಕಿತ್ತು ಹಾಕಬೇಡಿ. ಸುಮಾರು 30 ಸಲಕ್ಕಷ್ಟೇ ಅದನ್ನು ಮಾಡಿರುವುದು. ಒಮ್ಮೆ ಹಾಕಿ, ಅಂಟು ಹಚ್ಚಿ, ಬದಲಾವಣೆ ಎಲ್ಲ ಎಸ್‌ಎಂಎ ಕಡೆ ಮಾಡಿಕೊಳ್ಳಿ. ಆಂಟೆನಾ ಇಲ್ಲದೆ ಬೋರ್ಡ್ ಆನ್ ಮಾಡಬೇಡಿ. ಹೋಗಲು ದಾರಿಯಿಲ್ಲದ ಪವರ್ ಚಿಪ್‌ಗೇ ತಿರುಗಿ ಬರುತ್ತದೆ.

ಕೇಬಲ್ ಉದ್ದವಾದಷ್ಟೂ ನಷ್ಟ ಜಾಸ್ತಿ. ತೆಳ್ಳಗಿನ ಆರ್‌ಜಿ174 ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ 1 ಡಿಬಿಯಷ್ಟು ತಿನ್ನುತ್ತದೆ. ಹತ್ತು ಮೀಟರ್ ಎಳೆದರೆ ಹತ್ತರಲ್ಲಿ ಒಂಬತ್ತು ಪಾಲು ಪವರ್ ಕೇಬಲ್‌ನಲ್ಲೇ ಮುಗಿಯಿತು. ಕೇಬಲ್ ಎಳೆಯುವ ಬದಲು ಬೋರ್ಡನ್ನೇ ಕೋಲಿನ ತುದಿಗೆ ಕಟ್ಟಿ.

ಪ್ರೋಗ್ರಾಂ ಏನು ಮಾಡಬೇಕು

ಪ್ರೋಗ್ರಾಂ ಬರೆಯುವ ಆರ್ಡುಯಿನೋ ಐಡಿಇಗೆ ರೇಡಿಯೋಲಿಬ್ ಎಂಬ ಲೈಬ್ರರಿ ಹಾಕಿಕೊಂಡರೆ ಅದರ ಉದಾಹರಣೆಗಳಲ್ಲೇ ಮುಕ್ಕಾಲು ಕೆಲಸ ಆಗಿರುತ್ತದೆ. "ಹಲೋ ವರ್ಲ್ಡ್" ಕಳಿಸುವುದನ್ನು ಮಾತ್ರ ತೆಗೆದುಹಾಕಿ. ಕಳಿಸುವ ಬೋರ್ಡ್ ಪ್ರತಿ ಪ್ಯಾಕೆಟ್‌ನಲ್ಲೂ ಎರಡು ಸಂಖ್ಯೆ ಕಳಿಸಲಿ: ಇದು ಎಷ್ಟನೇ ಪ್ಯಾಕೆಟ್, ಈಗ ಎಷ್ಟು ಪವರ್. ಪವರ್ 14 ಡಿಬಿಎಂನಿಂದ ಶುರುವಾಗಿ 9, 4, -1, -6 ಹೀಗೆ ಐದೈದು ಇಳಿಯಲಿ. ಒಂದೊಂದು ಹಂತಕ್ಕೆ 50 ಪ್ಯಾಕೆಟ್. ಮುಗಿದ ಮೇಲೆ ಮತ್ತೆ 14ರಿಂದ.

ಕೇಳುವ ಬೋರ್ಡ್ ಆ ಎರಡು ಸಂಖ್ಯೆಯ ಜೊತೆ ಆರ್‌ಎಸ್‌ಎಸ್‌ಐ ಮತ್ತು ಎಸ್‌ಎನ್‌ಆರ್ ಬರೆದಿಟ್ಟುಕೊಳ್ಳಲಿ. ಆರ್‌ಎಸ್‌ಎಸ್‌ಐ ಅಂದರೆ ಕಿವಿಗೆ ಬಿದ್ದ ಒಟ್ಟು ಸದ್ದು. ಎಸ್‌ಎನ್‌ಆರ್ ಅಂದರೆ ಗದ್ದಲಕ್ಕಿಂತ ನಮ್ಮ ಸಿಗ್ನಲ್ ಎಷ್ಟು ಮೇಲೆ ಅಥವಾ ಕೆಳಗೆ. ಲೋರಾದ ಮಜಾ ಇಲ್ಲೇ ಇರುವುದು. ಗದ್ದಲಕ್ಕಿಂತ 20 ಡಿಬಿ ಕೆಳಗಿದ್ದರೂ ಎಸ್‌ಎಫ್12ರಲ್ಲಿ ಪ್ಯಾಕೆಟ್ ಹೆಕ್ಕಿ ತೆಗೆಯುತ್ತದೆ. (ಎಸ್‌ಎಫ್ ಎಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್, ಸಂಖ್ಯೆ ದೊಡ್ಡದಾದಷ್ಟೂ ಕಳಿಸುವುದು ನಿಧಾನ.) ಜಾತ್ರೆಯ ಗದ್ದಲದಲ್ಲೂ ಅಮ್ಮ ಕರೆದದ್ದು ಮಗುವಿಗೆ ಗೊತ್ತಾಗುವ ಹಾಗೆ. ಎಸ್‌ಎನ್‌ಆರ್ ಸೊನ್ನೆಗಿಂತ ಕೆಳಗೆ ಹೋದ ಮೇಲೆ ಆರ್‌ಎಸ್‌ಎಸ್‌ಐ ಒಂದನ್ನೇ ನಂಬಬೇಡಿ, ಅದು ಗದ್ದಲವನ್ನೇ ತೋರಿಸುತ್ತಿರುತ್ತದೆ. ಎರಡನ್ನೂ ಕೂಡಿಸಿ. -116 ಮತ್ತು -12 ಬಂದರೆ ಸಿಗ್ನಲ್ -128.

ಎಸ್‌ಎಫ್7, ಎಸ್‌ಎಫ್12 ಎರಡರಲ್ಲೂ ಟೆಸ್ಟ್ ಮಾಡಿ. 20 ಬೈಟಿನ ಪ್ಯಾಕೆಟ್ ಎಸ್‌ಎಫ್7ರಲ್ಲಿ 57 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಎಸ್‌ಎಫ್12ರಲ್ಲಿ 1.3 ಸೆಕೆಂಡ್ ಬೇಕು. ನಿಧಾನವಾಗಿ ಹೇಳುವುದರಿಂದಲೇ ಅದು ದೂರಕ್ಕೆ ಕೇಳಿಸುವುದು.

ಅಂಗೈ ಅಗಲದ ಯಾಗಿ

ಯಾಗಿ ನಮಗೆ ಹೊಸದಲ್ಲ. ದೂರದರ್ಶನದ ಕಾಲದಲ್ಲಿ ಹಂಚಿನ ಮೇಲೆ ಮೀನಿನ ಮುಳ್ಳಿನ ಹಾಗೆ ನಿಂತಿದ್ದದ್ದು ಅದೇ. ಜಪಾನಿನಲ್ಲಿ ಉಡಾ ಮತ್ತು ಯಾಗಿ ಸೇರಿ 1926ರಲ್ಲಿ ಹೊರತಂದ ವಿನ್ಯಾಸ, ಇವತ್ತಿಗೂ ಹೆಚ್ಚು ಬದಲಾಗಿಲ್ಲ.

866 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ 346 ಮಿ.ಮೀ. ಹಾಗಾಗಿ ಮೂರು ಕಡ್ಡಿಯ ಯಾಗಿ ಶಾಲೆಯ ಸ್ಕೇಲಿಗಿಂತ ಚಿಕ್ಕದು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ 3 ಮಿ.ಮೀ. ದಪ್ಪದ ಹಿತ್ತಾಳೆ ಕಡ್ಡಿ ಸಿಗುತ್ತದೆ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1976ರಲ್ಲಿ ಪ್ರಕಟಿಸಿದ ಅಳತೆಗಳನ್ನು ನಮ್ಮ ಫ್ರೀಕ್ವೆನ್ಸಿಗೆ ತಿರುಗಿಸಿದರೆ ಬೇಕಾಗುವ ದಪ್ಪವೂ ಹೆಚ್ಚು ಕಡಿಮೆ ಅಷ್ಟೇ. ಅದೃಷ್ಟ.

ಹಿಂದಿನ ಕಡ್ಡಿ 167 ಮಿ.ಮೀ., ಮುಂದಿನದು 153. ನಡುವಿನದನ್ನು ಎರಡು ತುಂಡು ಮಾಡಿ, ಮಧ್ಯೆ 5 ಮಿ.ಮೀ. ಸಂದು ಬಿಡಿ, ತುದಿಯಿಂದ ತುದಿಗೆ 165 ಇರಲಿ. ಕಡ್ಡಿಯಿಂದ ಕಡ್ಡಿಗೆ 69 ಮಿ.ಮೀ. ದೂರ. ವೈರಿಂಗ್‌ನವರು ಬಳಸುವ ಪಿವಿಸಿ ಪೈಪಿಗೆ ತೂತು ಕೊರೆದು ಕಡ್ಡಿ ತೂರಿಸಿ. ಹಿಂದಕ್ಕೆ ಒಂದು ಗೇಣು ಪೈಪ್ ಜಾಸ್ತಿ ಬಿಟ್ಟುಕೊಳ್ಳಿ, ಹಿಡಿಕೆಗೆ ಬೇಕು. ಕೇಬಲ್‌ನ ನಡುತಂತಿಯನ್ನು ಒಂದು ತುಂಡಿಗೆ, ಸುತ್ತಿನ ಜಾಲರಿಯನ್ನು ಇನ್ನೊಂದಕ್ಕೆ ಸೋಲ್ಡರ್ ಮಾಡಿ. ಹಿತ್ತಾಳೆಯನ್ನು ಮೊದಲು ಉಪ್ಪುಕಾಗದದಿಂದ ಉಜ್ಜದಿದ್ದರೆ ಸೋಲ್ಡರ್ ಮಣಿಮಣಿಯಾಗಿ ಉರುಳಿ ಬೀಳುತ್ತದೆ. ಕೇಬಲ್ ಹೊರಡುವ ಕಡೆ ಒಂದೆರಡು ಫೆರೈಟ್ ಕ್ಲಿಪ್ ಹಾಕಿ, ಕೇಬಲ್ ತಾನೇ ಆಂಟೆನಾ ಆಗುವುದು ತಪ್ಪುತ್ತದೆ.

ನ್ಯಾನೋವಿಎನ್‌ಎಯನ್ನು ಕೇಬಲ್ ತುದಿಯಲ್ಲೇ ಕ್ಯಾಲಿಬ್ರೇಟ್ ಮಾಡಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ತಿರುಗಿ ಬರುತ್ತದೆ ಎಂದು ಹೇಳುವ ಅಂಕಿ, 1 ಇದ್ದರೆ ಏನೂ ಬರುವುದಿಲ್ಲ) ಗೆರೆಯ ತಗ್ಗು ಎಲ್ಲಿ ಬಿದ್ದಿದೆ ನೋಡಿ. 866ಕ್ಕಿಂತ ಕೆಳಗಿದ್ದರೆ ನಡುಕಡ್ಡಿಯ ಎರಡೂ ತುದಿಯನ್ನು ಸಮಸಮ, ಅರ್ಧರ್ಧ ಮಿ.ಮೀ. ಅರದಿಂದ ತೇಯಿರಿ. ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯುವುದಿಲ್ಲ, ನಿಧಾನ ಇರಲಿ. ಎಸ್‌ಡಬ್ಲ್ಯುಆರ್ 1.5 ಬರಲಿಲ್ಲ ಎಂದು ರಾತ್ರಿಯೆಲ್ಲ ಕೂರಬೇಡಿ. 2 ಇದ್ದರೂ ಹೋಗುವುದು ಅರ್ಧ ಡಿಬಿ. ಅಳತೆ ಪಕ್ಕಾ ಇದ್ದರೆ ಗೇನ್ 9 ಡಿಬಿಯಷ್ಟು. ಕೈಯಲ್ಲಿ ಮಾಡಿದ್ದಕ್ಕೆ 8 ಎಂದು ಹಿಡಿಯಿರಿ.

ಮೈದಾನದಲ್ಲಿ ಒಂದು ಸಂಜೆ

ಬೆಟ್ಟಕ್ಕೆ ಓಡುವ ಮೊದಲು ಖಾಲಿ ಮೈದಾನಕ್ಕೆ ಹೋಗಿ. ಮನೆಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಪರೀಕ್ಷೆಯೇ ಅಲ್ಲ. ಕಿವಿಯ ಹತ್ತಿರ ಕಿರುಚಿದಂತೆ ಅದು.

ಬಯಲಿನಲ್ಲಿ ಸಿಗ್ನಲ್ ಕಳೆದುಹೋಗುವ ಲೆಕ್ಕ ಸುಲಭ. 866 ಮೆಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರಿಗೆ 91 ಡಿಬಿ ನಷ್ಟ. ದೂರ ದುಪ್ಪಟ್ಟಾದರೆ ಇನ್ನೊಂದು 6. ಹತ್ತುಪಟ್ಟಾದರೆ ಇನ್ನೊಂದು 20. ಹತ್ತನೇ ಒಂದು ಭಾಗವಾದರೆ 20 ಕಮ್ಮಿ. ಇಷ್ಟು ತಲೆಯಲ್ಲಿದ್ದರೆ ಕ್ಯಾಲ್ಕುಲೇಟರ್ ಬೇಡ.

100 ಮೀಟರಿಗೆ ಹಾಗಾದರೆ 71. ಕಳಿಸಿದ್ದು 14, ಎರಡು ಕಡ್ಡಿ ಆಂಟೆನಾದಿಂದ 2 ಮತ್ತು 2. ಕೂಡಿ ಕಳೆದರೆ -53. ಎದೆಯೆತ್ತರದ ಕೋಲಿಗೆ ಕಟ್ಟಿ ನಿಂತಾಗ ಪರದೆಯಲ್ಲಿ ಆರೇಳು ಡಿಬಿ ಆಚೀಚೆ ಬಂದರೆ ಸರಿ, ನೆಲದಿಂದ ಬಡಿದು ಬರುವ ಅಲೆ ಅಷ್ಟು ಆಟ ಆಡುತ್ತದೆ. -80 ಬಂದರೆ ಮಾತ್ರ ಎಲ್ಲೋ ಕೈ ಕೊಟ್ಟಿದೆ. ಕನೆಕ್ಟರ್ ಬಿಚ್ಚಿ ನೋಡಿ. ನನ್ನ ಆ ಹಾಳಾದ ಬೆಳಗ್ಗೆ ಈ ಒಂದು ಲೆಕ್ಕ ಗೊತ್ತಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಈಗ ಕೇಳುವ ಕಡೆ ಕಡ್ಡಿ ತೆಗೆದು ಅದೇ ಜಾಗ, ಅದೇ ಎತ್ತರದಲ್ಲಿ ಯಾಗಿ ಹಾಕಿ. ಯಾಗಿಯ ಕಡ್ಡಿಗಳು ನೆಟ್ಟಗಿರಲಿ, ಅದರ ಚಿಕ್ಕ ಕಡ್ಡಿ ಕಳಿಸುವವನ ಕಡೆಗೆ. 50 ಪ್ಯಾಕೆಟ್‌ನ ಸರಾಸರಿ ತೆಗೆಯಿರಿ. 5ರಿಂದ 7 ಡಿಬಿ ಏರಿದರೆ ಯಾಗಿ ಕೆಲಸ ಮಾಡುತ್ತಿದೆ. ಏರಲೇ ಇಲ್ಲವಾ? ಹಿಂದುಮುಂದು ಹಿಡಿದಿದ್ದೀರಾ ನೋಡಿ. ನಗಬೇಡಿ, ಎಲ್ಲರಿಗೂ ಆಗುತ್ತದೆ.

ಆಮೇಲೆ 30 ಡಿಗ್ರಿಗೊಮ್ಮೆ ತಿರುಗಿಸುತ್ತ ಬರೆದುಕೊಳ್ಳಿ. ಮುಂದಿನ ಕಿರಣ ಸಾಕಷ್ಟು ಅಗಲ ಇರುವುದು ಕಾಣುತ್ತದೆ. ಅಂದರೆ ಬೆಟ್ಟದ ಮೇಲೆ ಹತ್ತು ಡಿಗ್ರಿ ಗುರಿ ತಪ್ಪಿದರೂ ಏನೂ ಆಗುವುದಿಲ್ಲ, ಫೋನಿನ ಕಂಪಾಸ್ ಸಾಕು. ಕೊನೆಯದಾಗಿ ಯಾಗಿಯ ಕಡ್ಡಿಗಳು ನೆಲಕ್ಕೆ ಅಡ್ಡಡ್ಡ ಬರುವಂತೆ ಮಗ್ಗುಲಾಗಿಸಿ. ಆಚೆ ಆಂಟೆನಾ ನೆಟ್ಟಗೆ ನಿಂತಿರುವಾಗ ಸಿಗ್ನಲ್ ಹದಿನೈದಿಪ್ಪತ್ತು ಡಿಬಿ ಬಿದ್ದುಹೋಗುವುದನ್ನು ಕಣ್ಣಾರೆ ನೋಡಿ. ಅಂದರೆ ದೂರ ಏಳೆಂಟು ಪಟ್ಟು ಕುಗ್ಗಿದ ಹಾಗೆ. ನನ್ನ ಸ್ಕೂಟರ್ ಡಿಕ್ಕಿಯಲ್ಲಿ ಆಗಿದ್ದದ್ದು ಇದೇ.

ಮ್ಯಾಪ್ ಮುಂದೆ ಕೂತು ಲೆಕ್ಕ

ಕಂಪ್ಯೂಟರಿನ ಗೂಗಲ್ ಅರ್ಥ್‌ನಲ್ಲಿ ಎರಡು ಜಾಗದ ನಡುವೆ ಗೆರೆ ಎಳೆದು ಎಲಿವೇಶನ್ ಪ್ರೊಫೈಲ್ ತೆರೆಯಿರಿ. ಮೈಸೂರು ನಗರ 770 ಮೀಟರ್ ಆಸುಪಾಸಿನಲ್ಲಿದೆ, ಚಾಮುಂಡಿ ಬೆಟ್ಟ 1000 ಮೀಟರ್‌ಗೂ ಮೇಲೆ. ಕರಿಘಟ್ಟ ಅಷ್ಟು ಎತ್ತರವಿಲ್ಲ, ಆದರೆ ಸುತ್ತ ಗದ್ದೆ ಬಯಲು. ನಡುವೆ ಅಡ್ಡ ಬರುವ ಗುಡ್ಡ ಇಲ್ಲ. ಈ ಪ್ರೊಫೈಲ್ ಭೂಮಿ ಬಾಗಿರುವುದನ್ನು ತೋರಿಸುವುದಿಲ್ಲ. 17 ಕಿ.ಮೀ.ಗೆ ನಡುವೆ ನಾಲ್ಕು ಮೀಟರ್ ಉಬ್ಬು ಸೇರಿಸಿಕೊಳ್ಳಿ. ತೆಂಗಿನ ಮರಗಳೂ ಅದರಲ್ಲಿ ಕಾಣುವುದಿಲ್ಲ.

ಕಣ್ಣಿಗೆ ಕಂಡರೆ ಸಾಲದು. ರೇಡಿಯೋ ಅಲೆ ದಾರದ ಹಾಗೆ ಹೋಗುವುದಿಲ್ಲ, ಎರಡೂ ತುದಿ ಚೂಪಾದ ಸೌತೆಕಾಯಿಯ ಹಾಗೆ ನಡುವೆ ಉಬ್ಬಿ ಹೋಗುತ್ತದೆ. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ನಮ್ಮ ದಾರಿಯಲ್ಲಿ ಅದರ ನಡುವಿನ ಅರ್ಧ ಅಗಲ 38 ಮೀಟರ್. ಅದರಲ್ಲಿ ನೂರಕ್ಕೆ 60 ಪಾಲು, ಅಂದರೆ ಗೆರೆಯ ಕೆಳಗೆ 23 ಮೀಟರ್ ಖಾಲಿ ಇರಬೇಕು. ಬೆಟ್ಟದಿಂದ ಬೆಟ್ಟಕ್ಕೆ ಇದು ತಾನಾಗಿ ಸಿಗುತ್ತದೆ. ಮನೆ ಮಾಳಿಗೆಯಿಂದ ಮನೆ ಮಾಳಿಗೆಗೆ ಸಿಗುವುದಿಲ್ಲ.

17 ಕಿ.ಮೀ.ಗೆ ನಷ್ಟ 116 ಡಿಬಿ. ಕಳಿಸುವ ಪವರ್ 14, ಯಾಗಿ 8, ಆಚೆ ಕಡ್ಡಿ 2, ಕೇಬಲ್‌ಗೆ 2 ಕಳೆಯಿರಿ. 22ರಲ್ಲಿ 116 ಹೋದರೆ -94. ಎಸ್‌ಎಫ್7ರಲ್ಲಿ -124ರವರೆಗೂ, ಎಸ್‌ಎಫ್12ರಲ್ಲಿ -137ರವರೆಗೂ ಮಾಡ್ಯೂಲ್‌ಗೆ ಕೇಳಿಸುತ್ತದೆ. ಮಿಕ್ಕಿದ್ದು 30 ಮತ್ತು 43 ಡಿಬಿ. ಇದನ್ನು ಪುಸ್ತಕದಲ್ಲಿ ಬರೆದುಕೊಂಡೇ ಹೊರಡಿ. ಮೊದಲು ಭವಿಷ್ಯ ಬರೆದಿಡದೆ ಬೆಟ್ಟಕ್ಕೆ ಹೋದರೆ ಬಂದ ಸಂಖ್ಯೆ ಒಳ್ಳೆಯದಾ ಕೆಟ್ಟದ್ದಾ ಗೊತ್ತಾಗುವುದಿಲ್ಲ.

ಲೆಕ್ಕ ನೋಡಿ ನಿಮಗೆ ಅನ್ನಿಸಿರಬಹುದು, ಹಾಗಾದರೆ ಯಾಗಿ ಯಾಕೆ? ನಿಜ. ಬೆಟ್ಟದಿಂದ ಬೆಟ್ಟಕ್ಕೆ ಅದು ಬೇಕಾಗಿಯೇ ಇಲ್ಲ. 2017ರಲ್ಲಿ ಯುರೋಪಿನಲ್ಲಿ 38 ಕಿ.ಮೀ. ಎತ್ತರದ ಬಲೂನಿನಿಂದ ಬರೀ 25 ಮಿಲಿವ್ಯಾಟ್‌ನ ಲೋರಾ ಪ್ಯಾಕೆಟ್ 702 ಕಿ.ಮೀ. ದೂರ ಮುಟ್ಟಿತ್ತು. ಎತ್ತರದ ಮುಂದೆ ಪವರ್ ಏನೂ ಅಲ್ಲ. ಯಾಗಿ ಬೇಕಾಗುವುದು ಎತ್ತರ ಸಿಗದ ಕಡೆ, ಗದ್ದಲ ಇರುವ ಕಡೆ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಟ್ಟದ ದಿನ

ಇಬ್ಬರು ಬೇಕು. ಕಳಿಸುವ ಡಬ್ಬಿಯನ್ನು ಒಂಟಿಯಾಗಿ ಇಟ್ಟು ಬರಬೇಡಿ. ವೈರು, ಬ್ಯಾಟರಿ, ಮಿಣಮಿಣ ದೀಪ ಇರುವ ಡಬ್ಬಿಯನ್ನು ದೇವಸ್ಥಾನದ ಬೆಟ್ಟದ ಮೇಲೆ ನೋಡಿದರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡುತ್ತಾರೆ, ಮಾಡಲೂಬೇಕು. ಪಾರದರ್ಶಕ ಡಬ್ಬಿ ಬಳಸಿ, ಹೆಸರು, ಫೋನ್ ನಂಬರ್, ಏನು ಪ್ರಯೋಗ ಎಂದು ಕನ್ನಡದಲ್ಲಿ ಬರೆದು ಅಂಟಿಸಿ. ಕೇಳಿದವರಿಗೆ ಸಮಾಧಾನವಾಗಿ ತೋರಿಸಿ. ಕನ್ನಂಬಾಡಿ ಕಟ್ಟೆ ಚಾಮುಂಡಿಯಿಂದ 20 ಕಿ.ಮೀ., ಆಸೆ ಆಗುತ್ತದೆ. ಆದರೆ ಅದು ಕಾವಲಿರುವ ಜಾಗ, ಆಂಟೆನಾ ಹಿಡಿದು ಅಲ್ಲಿಗೆ ಹೋಗಬೇಡಿ.

ಚಾಮುಂಡಿಯಲ್ಲಿ ಉತ್ತರ ದಿಕ್ಕು ಬಯಲಾಗಿ ಕಾಣುವ ಜಾಗ ಹುಡುಕಿ. ಬಂಡೆಗೆ ಬೆನ್ನು ಕೊಟ್ಟು ದಕ್ಷಿಣಕ್ಕೆ ನಿಂತರೆ ಇಡೀ ಬೆಟ್ಟ ಅಡ್ಡ. ಆಂಟೆನಾ ತಲೆಗಿಂತ ಮೇಲಿರಲಿ, ಮೈ ನೀರಿನ ಚೀಲ, ಸಿಗ್ನಲ್ ಕುಡಿಯುತ್ತದೆ. ಕಬ್ಬಿಣದ ಕಂಬಿಗೆ ಒರಗಿಸಬೇಡಿ. ಆಚೆಯವರಿಗೆ ಫೋನ್ ಮಾಡಿ ಶುರು ಮಾಡಿ.

ಮೊದಲು 14 ಡಿಬಿಎಂ, ಎಸ್‌ಎಫ್12. -94ರ ಹತ್ತಿರ, ಐದಾರು ಡಿಬಿ ಒಳಗೆ ಬಂದರೆ ಎಲ್ಲ ಸರಿ. ಈಗ ಎಸ್‌ಎಫ್7ಕ್ಕೆ ಬನ್ನಿ, ಪವರ್ ಇಳಿಯುವುದನ್ನು ನೋಡುತ್ತ ಕೂರಿ. 9, 4, -1, -6. ಐವತ್ತಕ್ಕೆ ಐವತ್ತೂ ಬರುತ್ತಲೇ ಇರುತ್ತದೆ. ಆಗ ಕಳಿಸುವ ಕಡೆ 10 ಡಿಬಿ ಅಟೆನ್ಯುಯೇಟರ್ ಸೇರಿಸಿ ಮತ್ತೆ ಇಳಿಸಿ. ಎಲ್ಲೋ ಒಂದು ಹಂತದಲ್ಲಿ ಐವತ್ತರಲ್ಲಿ ಇಪ್ಪತ್ತೈದು ಮಾತ್ರ ಬರುತ್ತದೆ. ಅಲ್ಲಿಯವರೆಗೆ 14ರಿಂದ ಒಟ್ಟು ಎಷ್ಟು ಡಿಬಿ ಇಳಿಸಿದಿರೋ ಅದೇ ನಿಮ್ಮ ನಿಜವಾದ ಮಾರ್ಜಿನ್. ಲೆಕ್ಕ 30 ಎಂದಿತ್ತು. ಪವರ್ -6, ಮೇಲೆ ಅಟೆನ್ಯುಯೇಟರಿನ 10, ಅಂದರೆ ಸರಿಯಾಗಿ 30 ಇಳಿಸಿದಂತೆ. ಅಲ್ಲೇ ಉಸಿರು ಕಟ್ಟಿದರೆ ನಿಮ್ಮ ಲೆಕ್ಕಕ್ಕೂ ಆಂಟೆನಾಗೂ ಶಹಬ್ಬಾಸ್.

20ರಲ್ಲೇ ಕಟ್ಟಿತು ಅನ್ನಿ. ಆರ್‌ಎಸ್‌ಎಸ್‌ಐ ಮಾತ್ರ ಲೆಕ್ಕದಂತೆಯೇ ಇತ್ತು. ಹಾಗಾದರೆ ದಾರಿಯಲ್ಲಿ ತಪ್ಪಿಲ್ಲ, ಕೇಳುವ ಕಡೆ ಗದ್ದಲ ಜಾಸ್ತಿ. ಇದಕ್ಕೆ ನಮ್ಮ ದೇಶದಲ್ಲಿ ಒಂದು ಖಾಸಾ ಕಾರಣ ಇದೆ. ಮೊಬೈಲ್‌ನ 850 ಬ್ಯಾಂಡಿನಲ್ಲಿ ಟವರ್ ಮಾತಾಡುವುದು 869 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ. ನಮ್ಮ 866ಕ್ಕೆ ಅದು ಪಕ್ಕದ ಮನೆ. ಹತ್ತಿರದಲ್ಲೇ ಟವರ್ ಇದ್ದರೆ ಮಾಡ್ಯೂಲ್‌ನ ಕಿವಿ ಮಂದವಾಗುತ್ತದೆ. ಈಗ ಯಾಗಿಯನ್ನು ಕೇಳುವ ಕಡೆಗೆ ಬದಲಿಸಿ, ಬೆನ್ನು ಟವರಿಗೆ ಬರುವ ಹಾಗೆ ನಿಲ್ಲಿ. ಆರ್‌ಎಸ್‌ಎಸ್‌ಐಗಿಂತ ಎಸ್‌ಎನ್‌ಆರ್ ಹೆಚ್ಚು ಏರುವುದು ಕಾಣುತ್ತದೆ. ಕಳಿಸುವಾಗ ಯಾಗಿ ದನಿ ಏರಿಸುತ್ತದೆ, ಕೇಳುವಾಗ ಬೇಡದ ಕಡೆಗೆ ಕಿವಿ ಮುಚ್ಚುತ್ತದೆ. ನನಗೆ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಬದಲಾವಣೆ ಒಂದು ಸಲಕ್ಕೆ ಒಂದೇ. ಆಂಟೆನಾ ಬದಲಿಸಿದಾಗ ಜಾಗ ಬದಲಿಸಬೇಡಿ, ಜಾಗ ಬದಲಿಸಿದಾಗ ಎಸ್‌ಎಫ್ ಬದಲಿಸಬೇಡಿ.

ತೋಟದ ಹಿಂದೆ, ಆಮೇಲೆ ಮೇಲುಕೋಟೆ

ಕರಿಘಟ್ಟದಿಂದ ಇಳಿದು, ಕೆಳಗೆ ತೆಂಗಿನ ತೋಟವೊಂದರ ಹಿಂದೆ, ಚಾಮುಂಡಿ ಕಾಣದ ಕಡೆ ನಿಂತು ಅದೇ ಟೆಸ್ಟ್ ಮತ್ತೊಮ್ಮೆ ಮಾಡಿ. ದೂರ ಹೆಚ್ಚು ಕಡಿಮೆ ಅಷ್ಟೇ, ಮಾರ್ಜಿನ್ ಮಾತ್ರ ಕರಗಿಹೋಗಿರುತ್ತದೆ. ಎಸ್‌ಎಫ್7 ಎಸ್‌ಎಫ್12ಕ್ಕೆ, ಕಡ್ಡಿ ಯಾಗಿಗೆ ಬದಲಾದಾಗ ಏನು ವ್ಯತ್ಯಾಸ ಬರುತ್ತದೆ ಎನ್ನುವುದು ಇಲ್ಲಿ ಕಾಣುತ್ತದೆ, ಬೆಟ್ಟದ ಮೇಲೆ ಕಾಣುವುದಿಲ್ಲ. ಎರಡು ಹೆಜ್ಜೆ ಆಚೀಚೆ ಸರಿದರೂ ಹತ್ತು ಡಿಬಿ ಏರಿಳಿಯಬಹುದು. ಹಾಗಾಗಿ ಒಂದೇ ಕಡೆ ನಿಂತು ಬರೆಯಬೇಡಿ, ಐದಾರು ಜಾಗದ ಸರಾಸರಿ ತೆಗೆಯಿರಿ. ತೋಟದ ಪಂಪ್‌ಸೆಟ್ಟಿಗೋ ಕೆರೆಯ ನೀರಿನ ಮಟ್ಟಕ್ಕೋ ಲೋರಾ ಹಾಕುವ ಯೋಚನೆ ಇದ್ದರೆ ನಿಮಗೆ ಬೇಕಾದ ಸಂಖ್ಯೆ ಇದೇ. 10 ಡಿಬಿಗಿಂತ ಕಮ್ಮಿ ಮಿಕ್ಕಿದ್ದರೆ ಮಳೆಗಾಲದಲ್ಲಿ ಎಲೆ ನೆನೆದಾಗ ಕೈ ಕೊಡುತ್ತದೆ ಎಂದೇ ಇಟ್ಟುಕೊಳ್ಳಿ. 20 ಮಿಕ್ಕಿದ್ದರೆ ನಾನು ನೆಮ್ಮದಿಯಾಗಿ ಕಂಬ ನೆಡುತ್ತೇನೆ.

ಇದೆಲ್ಲ ಆದ ಮೇಲೂ ಉತ್ಸಾಹ ಉಳಿದಿದ್ದರೆ ಮೇಲುಕೋಟೆ ಇದೆ. ಚಾಮುಂಡಿಯಿಂದ ನೇರ 43 ಕಿ.ಮೀ. ಭೂಮಿಯ ಉಬ್ಬು 27 ಮೀಟರ್, ಸೌತೆಕಾಯಿಯ ಅರ್ಧ ಅಗಲ 61 ಮೀಟರ್. ಎರಡೂ ತುದಿ ಎತ್ತರದಲ್ಲಿರುವುದರಿಂದ ಎರಡನ್ನೂ ಆರಾಮಾಗಿ ದಾಟಬಹುದು. ನಷ್ಟ 124, ಹಾಗಾಗಿ ಪರದೆಯಲ್ಲಿ -102ರ ಆಸುಪಾಸು ಬರಬೇಕು. ಎಸ್‌ಎಫ್12ರಲ್ಲಿ 35 ಡಿಬಿ ಮಿಗಬೇಕು. ಮೇಲುಕೋಟೆಯಲ್ಲಿ ಪುಳಿಯೋಗರೆ ತಿನ್ನಲು ಕೂತಾಗ ಯಾಗಿಯನ್ನು ಚೀಲದೊಳಗಿಡಿ. ಅಲ್ಲಿನ ಕೋತಿಗಳಿಗೆ ಹಿತ್ತಾಳೆ ಕಡ್ಡಿ ಎಂದರೆ ಬಲು ಇಷ್ಟ.